ಸೇಂಟ್ ಲೂಯಿಸ್ ಕಾರ್ಡಿನಲ್ಸ್: ಆಟಗಾರರ ಮೇಲಿನ ವೆಚ್ಚ ಮತ್ತು ಯುವ ಪ್ರತಿಭೆಯ ಪೋಷಣೆ

ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಮಿಸೌರಿ ರಾಜ್ಯದಲ್ಲಿ, ಮಿಸಿಸಿಪಿ ನದಿಯ ದಂಡೆಯ ಮೇಲಿರುವ ಸೇಂಟ್ ಲೂಯಿಸ್ ನಗರದ ವೃತ್ತಿಪರ ಬೇಸ್‌ಬಾಲ್ ತಂಡ. 1882ರಲ್ಲಿ ಹುಟ್ಟಿ 1892ರಿಂದ ನ್ಯಾಷನಲ್ ಲೀಗ್‌ನಲ್ಲಿ ಆಡುತ್ತಿರುವ ಈ ತಂಡ ವರ್ಲ್ಡ್ ಸೀರೀಸನ್ನು, ಅಂದರೆ ನ್ಯಾಷನಲ್ ಮತ್ತು ಅಮೆರಿಕನ್ ಲೀಗ್‌ಗಳ ವಿಜೇತರ ನಡುವೆ ಪ್ರತಿವರ್ಷ ನಡೆಯುವ ಅಂತಿಮ ಸರಣಿಯನ್ನು, 1926ರಿಂದ 2011ರವರೆಗಿನ ಅವಧಿಯಲ್ಲಿ 11 ಬಾರಿ ಗೆದ್ದಿದೆ. ಇದಕ್ಕಿಂತ ಹೆಚ್ಚು ಗೆದ್ದಿರುವುದು ನ್ಯೂಯಾರ್ಕ್ ಯಾಂಕೀಸ್ ಒಂದೇ. ದೊಡ್ಡ ಮಾರುಕಟ್ಟೆಯಿಲ್ಲದ ಊರಿನ ತಂಡವೊಂದು ಇಷ್ಟು ದೂರ ಬಂದುದು ಹೇಗೆ ಎಂಬ ಪ್ರಶ್ನೆಗೆ ‘ಆಟಗಾರರನ್ನು ಕೊಳ್ಳದೆ ತಾನೇ ಬೆಳೆಸಿಕೊಂಡಿತು’ ಎಂಬ ಉತ್ತರ ರೂಢಿಯಲ್ಲಿದೆ. ಉತ್ತರ ಸರಿಯಾದರೂ ಅಪೂರ್ಣ. ತಾನೇ ಬೆಳೆಸಿದ ಆಟಗಾರ ಅಗ್ಗಕ್ಕೆ ಸಿಗುವುದು ಆತ ಎಳೆಯನೆಂಬ ಕಾರಣಕ್ಕಲ್ಲ, ಆತ ಬೇರೆ ತಂಡದೊಡನೆ ಮಾತುಕತೆ ನಡೆಸದಂತೆ ಕ್ರೀಡೆಯ ನಿಯಮಗಳು ಕಟ್ಟಿಹಾಕಿರುವ ಕಾರಣಕ್ಕೆ. ಆದ್ದರಿಂದ ಕಾರ್ಡಿನಲ್ಸ್‌ನ ಇತಿಹಾಸ ಒಂದು ಕಡೆ ತರಬೇತಿಯ ಕೌಶಲದ ಇತಿಹಾಸವಾದರೆ ಇನ್ನೊಂದು ಕಡೆ ಆ ನಿಯಮಗಳ ಇತಿಹಾಸವೂ ಹೌದು.

ಈ ನಿಯಮಗಳಲ್ಲಿ ಅತ್ಯಂತ ಹಳೆಯದು 1879ರಲ್ಲಿ ನ್ಯಾಷನಲ್ ಲೀಗ್‌ನ ಮಾಲೀಕರು ತಮ್ಮತಮ್ಮಲ್ಲಿ ಮಾಡಿಕೊಂಡ ರಿಸರ್ವ್ ಒಪ್ಪಂದ, ಅಂದರೆ ಆಟಗಾರನನ್ನು ಕಾಯ್ದಿರಿಸುವ ನಿಯಮ. ಮೊದಲಿಗೆ ಪ್ರತಿ ತಂಡದ ಐವರಿಗೆ ಮಾತ್ರ ಅನ್ವಯಿಸುತ್ತಿದ್ದ ಇದು ಮುಂದೆ ಎಲ್ಲ ಆಟಗಾರರಿಗೂ ವಿಸ್ತರಿಸಿತು. ಒಂದು ವರ್ಷದ ಕರಾರು ಮುಗಿದ ಮೇಲೂ ಆಟಗಾರ ಅದೇ ತಂಡಕ್ಕೆ ಸೇರಿದವನಾಗಿಯೇ ಉಳಿಯುತ್ತಿದ್ದ. ತಂಡ ಅವನನ್ನು ಮಾರಬಹುದಿತ್ತು, ವಿನಿಮಯ ಮಾಡಬಹುದಿತ್ತು, ಕೈಬಿಡಬಹುದಿತ್ತು, ಆದರೆ ಅವನು ಮಾತ್ರ ತಾನಾಗಿ ಹೊರಹೋಗುವಂತಿರಲಿಲ್ಲ. ಬೇಸ್‌ಬಾಲ್ ಪಂದ್ಯಗಳು ಅಂತರರಾಜ್ಯ ವಾಣಿಜ್ಯವಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1922ರಲ್ಲಿ ತೀರ್ಪು ನೀಡಿ ಈ ಕ್ರೀಡೆಯನ್ನು ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ಹೊರಗಿಟ್ಟಿದ್ದರಿಂದ ನಿಯಮಕ್ಕೆ ಪರೋಕ್ಷವಾಗಿ ಕಾನೂನಿನ ಬಲವೂ ದೊರೆಯಿತು.

ಆ ಕಾಲದಲ್ಲಿ ಸಣ್ಣ ಊರುಗಳ ಮೈನರ್ ಲೀಗ್ ತಂಡಗಳು, ಅಂದರೆ ಮೇಜರ್ ಲೀಗ್ ಎನ್ನುವ ಉನ್ನತ ದರ್ಜೆಗಿಂತ ಕೆಳಗಿನ ಹಂತಗಳಲ್ಲಿ ಆಡುವ ತಂಡಗಳು, ಸ್ವತಂತ್ರ ಉದ್ಯಮಗಳಾಗಿದ್ದವು. ಅವು ಹುಡುಗರನ್ನು ಹುಡುಕಿ, ತಿದ್ದಿ, ಪಳಗಿದ ಮೇಲೆ ಹೆಚ್ಚು ಹಣ ಕೊಡುವ ದೊಡ್ಡ ತಂಡಕ್ಕೆ ಮಾರುತ್ತಿದ್ದವು. 1917ರಲ್ಲಿ ಕಾರ್ಡಿನಲ್ಸ್‌ನ ಆಡಳಿತಕ್ಕೆ ಬಂದ ಬ್ರಾಂಚ್ ರಿಕಿಗೆ ಈ ಸಂತೆಯಲ್ಲಿ ನ್ಯೂಯಾರ್ಕ್ ಮತ್ತು ಷಿಕಾಗೋದ ತಂಡಗಳೊಡನೆ ಪೈಪೋಟಿ ನಡೆಸುವಷ್ಟು ಹಣವಿರಲಿಲ್ಲ. ಊರಿನ ಪ್ರೇಕ್ಷಕರನ್ನು ಬ್ರೌನ್ಸ್ ಎಂಬ ಇನ್ನೊಂದು ಮೇಜರ್ ಲೀಗ್ ತಂಡದೊಡನೆ ಹಂಚಿಕೊಳ್ಳಬೇಕಾಗಿತ್ತು. 1920ರಲ್ಲಿ ಮಾಲೀಕ ಸ್ಯಾಮ್ ಬ್ರೇಡನ್ ತಂಡದ ಹಳೆಯ ಮೈದಾನವಾದ ರಾಬಿಸನ್ ಫೀಲ್ಡಿನ ಜಾಗವನ್ನು ಸುಮಾರು 2,75,000 ಡಾಲರಿಗೆ ಮಾರಿ, ಅದೇ ಬ್ರೌನ್ಸ್‌ನ ಮೈದಾನದಲ್ಲಿ ಬಾಡಿಗೆಗೆ ಆಡಲು ಒಪ್ಪಿಕೊಂಡ. ಆ ಹಣದಿಂದ ಸಾಲ ತೀರಿಸಿ, ಉಳಿದುದರಲ್ಲಿ ರಿಕಿ ಮೈನರ್ ಲೀಗ್ ತಂಡಗಳ ಪಾಲುಗಳನ್ನೇ ಕೊಳ್ಳತೊಡಗಿದ: ಟೆಕ್ಸಸ್‌ನ ಹ್ಯೂಸ್ಟನ್, ಅರ್ಕನ್ಸಾಸ್‌ನ ಫೋರ್ಟ್ ಸ್ಮಿತ್, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್. ಸ್ವಂತ ಮೈದಾನ ಕಳೆದುಕೊಂಡು ಎಳೆಯರ ತಂಡಗಳಿಗೆ ಹಣ ಹಾಕಿದ ಈ ನಿರ್ಧಾರವೇ ‘ಫಾರ್ಮ್ ವ್ಯವಸ್ಥೆ’ಯ ಆರಂಭ, ಇಂದು ಮೂವತ್ತೂ ಮೇಜರ್ ಲೀಗ್ ತಂಡಗಳು ಅನುಸರಿಸುತ್ತಿರುವುದು ಇದನ್ನೇ.

ರಿಕಿಯ ಲೆಕ್ಕಾಚಾರ ಸಂಖ್ಯೆಯ ಮೇಲೆ ನಿಂತಿತ್ತು. ಹದಿನೆಂಟರ ಹುಡುಗರಲ್ಲಿ ಯಾರು ಬೆಳೆಯುತ್ತಾರೆ ಎಂದು ಮೊದಲೇ ಹೇಳುವುದು ಕಷ್ಟವಾದ್ದರಿಂದ ನೂರಾರು ಮಂದಿಯನ್ನು ಅತಿ ಕಡಿಮೆ ಸಂಬಳಕ್ಕೆ ಸೇರಿಸಿಕೊಂಡು, ಎಲ್ಲರಿಗೂ ಒಂದೇ ಕ್ರಮದಲ್ಲಿ ಕಲಿಸಿ, ಮೇಲೆ ಬಂದವರನ್ನು ಇರಿಸಿಕೊಂಡು, ಹೆಚ್ಚಾದವರನ್ನು ಇತರ ತಂಡಗಳಿಗೆ ಮಾರುವುದು ಅವನ ಪದ್ಧತಿ. ಯಾರು ಬೇಕಾದರೂ ಬಂದು ಓಡಿ, ಎಸೆದು ತೋರಿಸಬಹುದಾದ ಬಯಲು ಆಯ್ಕೆ ಶಿಬಿರಗಳನ್ನು ಅವನು ನಡೆಸಿದ. ಬೇಸಿನತ್ತ ಜಾರುವುದನ್ನು ಕಲಿಸಲು ಮರಳು ತುಂಬಿದ ಗುಂಡಿಗಳನ್ನು ಮಾಡಿಸಿದ. 1940ರ ಹೊತ್ತಿಗೆ ಕಾರ್ಡಿನಲ್ಸ್‌ನ ಅಧೀನದಲ್ಲಿ 30ಕ್ಕೂ ಹೆಚ್ಚು ಮೈನರ್ ಲೀಗ್ ತಂಡಗಳೂ 600ಕ್ಕೂ ಹೆಚ್ಚು ಆಟಗಾರರೂ ಇದ್ದರು.

ಈ ವ್ಯವಸ್ಥೆ ಅತ್ಯುತ್ತಮವಾಗಿ ಫಲಿಸಿದ್ದನ್ನು ಸ್ಟಾನ್ ಮ್ಯೂಸಿಯಲ್‌ನ ಉದಾಹರಣೆಯಲ್ಲಿ ಕಾಣಬಹುದು. ಪೆನ್ಸಿಲ್ವೇನಿಯಾದ ಡೊನೋರಾ ಎಂಬ ಕೈಗಾರಿಕಾ ಪಟ್ಟಣದ ಈ ಹುಡುಗ 1938ರಲ್ಲಿ ಪಿಚರ್ ಆಗಿ, ಅಂದರೆ ಚೆಂಡು ಎಸೆಯುವವನಾಗಿ, ಕೆಳಹಂತಕ್ಕೆ ಸೇರಿದ. 1940ರಲ್ಲಿ ಫ್ಲಾರಿಡಾದ ಡೇಟೋನಾ ಬೀಚ್ ತಂಡದಲ್ಲಿ ಕ್ಯಾಚ್ ಹಿಡಿಯಲು ಹೋಗಿ ಬಿದ್ದು ಎಸೆಯುವ ಭುಜಕ್ಕೇ ಪೆಟ್ಟು ಮಾಡಿಕೊಂಡ. ತಾನು ಖರೀದಿಸಿದ ಪಿಚರ್‌ನನ್ನು ಒಂದು ಸ್ವತಂತ್ರ ತಂಡ ಅಂಥ ಗಾಯದ ಬಳಿಕ ಉಳಿಸಿಕೊಳ್ಳುತ್ತಿತ್ತೆಂದು ಹೇಳಲಾಗದು. ಆದರೆ ಬ್ಯಾಟಿಂಗ್ ಬಲ್ಲವನಿಗೆ ಬೇರೊಂದು ಜಾಗ ಹುಡುಕಿಕೊಡುವಷ್ಟು ವಿಸ್ತಾರ ಕಾರ್ಡಿನಲ್ಸ್‌ನ ಫಾರ್ಮ್ ವ್ಯವಸ್ಥೆಗೆ ಇತ್ತು. ಮರುವರ್ಷ ಹೊರಮೈದಾನದ ಆಟಗಾರನಾಗಿ ಮಿಸೌರಿಯ ಸ್ಪ್ರಿಂಗ್‌ಫೀಲ್ಡಿನಿಂದ ಹೊರಟು, ರಾಚೆಸ್ಟರ್ ದಾಟಿ, ಸೆಪ್ಟೆಂಬರ್ ಹೊತ್ತಿಗೆ ಅವನು ಸೇಂಟ್ ಲೂಯಿಸ್ ತಲುಪಿದ್ದ. 1963ರಲ್ಲಿ ನಿವೃತ್ತನಾಗುವಾಗ ಅವನ ಹಿಟ್‌ಗಳ ಸಂಖ್ಯೆ 3,630.

ಇದೇ ವ್ಯವಸ್ಥೆಯ ಕಠೋರ ಮುಖ ವೇತನದಲ್ಲಿತ್ತು. 1934ರಲ್ಲಿ 30 ಪಂದ್ಯ ಗೆದ್ದುಕೊಟ್ಟ ಪಿಚರ್ ಡಿಝಿ ಡೀನ್‌ನ ಆ ವರ್ಷದ ಸಂಬಳ ಸುಮಾರು 7,500 ಡಾಲರ್, 19 ಪಂದ್ಯ ಗೆದ್ದ ಅವನ ತಮ್ಮ ಪಾಲ್‌ನದು ಸುಮಾರು 3,000. 1931ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯುನ್ನತ ಬ್ಯಾಟಿಂಗ್ ಸರಾಸರಿ ಪಡೆದ ಚಿಕ್ ಹೇಫಿ ಹೆಚ್ಚಿನ ವೇತನ ಕೇಳಿದಾಗ ರಿಕಿ 1932ರ ಏಪ್ರಿಲ್‌ನಲ್ಲಿ ಅವನನ್ನು ಸಿನ್ಸಿನಾಟಿಗೆ ಕಳುಹಿಸಿಬಿಟ್ಟ. ಹ್ಯೂಸ್ಟನ್ ತಂಡದಲ್ಲಿ ಪಳಗಿದ ಜೋ ಮೆಡ್‌ವಿಕ್ ಆ ಜಾಗಕ್ಕೆ ಅಷ್ಟರಲ್ಲಿ ಸಿದ್ಧನಾಗಿದ್ದ. ಬದಲಿ ಆಟಗಾರ ಸದಾ ಕೈಯಲ್ಲಿರುವಾಗ ಈಗಿರುವವನು ಚೌಕಾಸಿ ಮಾಡುವ ಶಕ್ತಿ ಕಳೆದುಕೊಳ್ಳುತ್ತಾನೆ ಎಂಬುದು ಫಾರ್ಮ್ ವ್ಯವಸ್ಥೆಯ ಆರ್ಥಿಕ ತಿರುಳು. ಮೇಜರ್ ಲೀಗ್‌ನ ಆಯುಕ್ತ ಕೆನೆಸಾ ಮೌಂಟನ್ ಲ್ಯಾಂಡಿಸ್ ಇದನ್ನು ಬಲವಾಗಿ ವಿರೋಧಿಸಿದ. ಕಾರ್ಡಿನಲ್ಸ್ ಒಂದೇ ಲೀಗ್‌ನ ಹಲವು ತಂಡಗಳ ಆಟಗಾರರನ್ನು ಮರೆಯಲ್ಲಿ ನಿಯಂತ್ರಿಸುತ್ತಿದೆಯೆಂದು ಕಂಡುಬಂದಾಗ 1938ರಲ್ಲಿ 70ಕ್ಕೂ ಹೆಚ್ಚು ಮೈನರ್ ಲೀಗ್ ಆಟಗಾರರನ್ನು ಬಂಧಮುಕ್ತಗೊಳಿಸಿದ. ಆದರೂ ವ್ಯವಸ್ಥೆ ಕುಸಿಯಲಿಲ್ಲ. ಸ್ವತಃ ಬೆಳೆಸಿದವರನ್ನೇ ಬಹುಪಾಲು ನಂಬಿಕೊಂಡಿದ್ದ ಕಾರ್ಡಿನಲ್ಸ್ 1942ರಲ್ಲಿ ಯಾಂಕೀಸನ್ನು ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತು. ಅದೇ ವರ್ಷದ ಕೊನೆಯಲ್ಲಿ ಬ್ರುಕ್ಲಿನ್ ಡಾಜರ್ಸ್‌ಗೆ ತೆರಳಿದ ರಿಕಿ ಅಲ್ಲಿ ಕಪ್ಪುವರ್ಣೀಯ ಆಟಗಾರ ಜ್ಯಾಕಿ ರಾಬಿನ್ಸನ್‌ನನ್ನು ಸೇರಿಸಿಕೊಂಡು ಮೇಜರ್ ಲೀಗ್‌ಗಳ ವರ್ಣಭೇದವನ್ನು ಮುರಿದದ್ದು ಸುಪ್ರಸಿದ್ಧ.

ರಿಕಿ ಹೋದರೂ ಉಳಿದದ್ದು ಬೋಧನೆಯ ಪರಂಪರೆ. 1940ರಲ್ಲಿ ಆತನೇ ಆಟಗಾರನಾಗಿ ಸೇರಿಸಿಕೊಂಡ ಜಾರ್ಜ್ ಕಿಸೆಲ್ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆದರೆ ತರಬೇತುದಾರನಾಗಿ 2008ರಲ್ಲಿ ತೀರಿಕೊಳ್ಳುವವರೆಗೆ ಕಾರ್ಡಿನಲ್ಸ್‌ನಲ್ಲೇ ಇದ್ದ. ನೆಲದ ಮೇಲೆ ಉರುಳಿಬರುವ ಚೆಂಡಿಗೆ ಕಾಲು ಹೇಗಿಡಬೇಕು, ಯಾವ ಬೇಸಿಗೆ ಯಾವಾಗ ಎಸೆಯಬೇಕು, ಎಸೆತ ತಪ್ಪಿದರೆ ಹಿಂದೆ ಯಾರು ನಿಲ್ಲಬೇಕು ಎಂಬಂಥ ಸಣ್ಣ ಸಂಗತಿಗಳನ್ನು ಎಲ್ಲ ಹಂತಗಳಲ್ಲೂ ಒಂದೇ ರೀತಿ ಕಲಿಸಬೇಕೆಂಬ ಅವನ ಪಟ್ಟು ‘ಕಾರ್ಡಿನಲ್ ವೇ’ ಎಂಬ ಹೆಸರಿನಲ್ಲಿ ತಂಡದ ಕೈಪಿಡಿಯಾಯಿತು. ಕ್ಯಾಚರ್ ಆಗಿದ್ದ ಜೋ ಟಾರಿಯನ್ನು ಮೂರನೆಯ ಬೇಸಿಗೆ ಒಗ್ಗಿಸಲು ಕಿಸೆಲ್ ಗೋಡೆಗೆ ಚೆಂಡು ಎಸೆಸಿ ಮತ್ತೆ ಮತ್ತೆ ಹಿಡಿಯುವ ಅಭ್ಯಾಸ ಮಾಡಿಸಿದ. 1971ರಲ್ಲಿ ಟಾರಿ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿ ಪಡೆದ. ತಂಡಗಳ ಲೆಕ್ಕಪತ್ರದಲ್ಲಿ ಇಂಥವರ ಸಂಬಳ ಬಹು ಸಣ್ಣ ಬಾಬತ್ತು. ಆದರೂ ಕಾರ್ಡಿನಲ್ಸ್ ಮಾಡಿದ ಖರ್ಚುಗಳಲ್ಲಿ ಇದಕ್ಕಿಂತ ಸಾರ್ಥಕವಾದುದನ್ನು ಹೆಸರಿಸುವುದು ಕಷ್ಟ.

1965ರಲ್ಲಿ ಬಂದ ಡ್ರಾಫ್ಟ್ ಪದ್ಧತಿ ಎಲ್ಲ ತಂಡಗಳ ಲೆಕ್ಕವನ್ನೂ ಬದಲಾಯಿಸಿತು. ಶಾಲಾ ಕಾಲೇಜುಗಳ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಈ ಕ್ರಮದಲ್ಲಿ ಹಿಂದಿನ ಋತುವಿನ ದುರ್ಬಲ ತಂಡಕ್ಕೆ ಮೊದಲ ಅವಕಾಶ. ಭಾರತದ ಐಪಿಎಲ್ ಹರಾಜಿನಲ್ಲಿ ಹಲವು ತಂಡಗಳು ಒಬ್ಬನಿಗಾಗಿ ಕೂಗುವುದರಿಂದ ಬೆಲೆ ಏರುತ್ತದೆ. ಡ್ರಾಫ್ಟ್‌ನಲ್ಲಾದರೋ ಆಯ್ಕೆಯಾದ ಹುಡುಗ ಆರಿಸಿದ ತಂಡದೊಂದಿಗೆ ಮಾತ್ರ ಮಾತನಾಡಬಹುದಾದ್ದರಿಂದ ಬೆಲೆ ತಗ್ಗುತ್ತದೆ. 1964ರಲ್ಲಿ ಏಂಜೆಲ್ಸ್ ತಂಡ ಕಾಲೇಜು ಆಟಗಾರ ರಿಕ್ ರೈಕಾರ್ಟ್‌ಗೆ ಎರಡು ಲಕ್ಷ ಡಾಲರಿಗೂ ಹೆಚ್ಚು ಬೋನಸ್ ಕೊಟ್ಟಿದ್ದೇ ಮಾಲೀಕರು ಈ ಪದ್ಧತಿಗೆ ಮುಂದಾಗಲು ತಕ್ಷಣದ ಪ್ರೇರಣೆ.

ಆಟಗಾರರ ಬಂಧನವನ್ನು ನೇರವಾಗಿ ಪ್ರಶ್ನಿಸಿದವನೂ ಕಾರ್ಡಿನಲ್ಸ್‌ನವನೇ. 1964 ಮತ್ತು 1967ರ ವಿಜಯಗಳಲ್ಲಿ ಮಧ್ಯಮೈದಾನ ಕಾದ ಕರ್ಟ್ ಫ್ಲಡ್‌ನನ್ನು 1969ರ ಅಕ್ಟೋಬರ್‌ನಲ್ಲಿ ತಂಡ ಅವನನ್ನು ಕೇಳದೆಯೇ ಫಿಲಡೆಲ್ಫಿಯಾಕ್ಕೆ ವಿನಿಮಯ ಮಾಡಿತು. ಆಗ ಅವನ ವೇತನ 90,000 ಡಾಲರ್, ಅಂದಿನ ಮಟ್ಟಿಗೆ ದೊಡ್ಡ ಮೊತ್ತ. ಹೋಗಲು ನಿರಾಕರಿಸಿ, ಆಯುಕ್ತ ಬೋವಿ ಕೂನ್‌ಗೆ ಪತ್ರ ಬರೆದು, ತಾನು ಮಾರಾಟದ ಸೊತ್ತಲ್ಲವೆಂಬ ನಿಲುವಿನಿಂದ ಅವನು ಹೂಡಿದ ಮೊಕದ್ದಮೆ 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5–3ರ ಬಹುಮತದಿಂದ ಸೋತಿತು. ಫ್ಲಡ್‌ನ ಆಟದ ಬದುಕು ಅಷ್ಟರಲ್ಲೇ ಮುಗಿದಿತ್ತು. ಅದೇ 1972ರಲ್ಲಿ ಕೆಲವೇ ಸಾವಿರ ಡಾಲರುಗಳ ವೇತನದ ಜಗಳಕ್ಕೆ ಮಾಲೀಕ ಆಗಸ್ಟ್ ಬುಶ್ ಎಡಗೈ ಪಿಚರ್ ಸ್ಟೀವ್ ಕಾರ್ಲ್ಟನ್‌ನನ್ನು ಅದೇ ಫಿಲಡೆಲ್ಫಿಯಾಕ್ಕೆ ಕಳುಹಿಸಿದ. ಕಾರ್ಲ್ಟನ್ ಆ ಋತುವಿನಲ್ಲಿ ಕೊನೆಯ ಸ್ಥಾನದ ತಂಡಕ್ಕಾಗಿ 27 ಪಂದ್ಯ ಗೆದ್ದ. ಯುವಕರನ್ನು ಬೆಳೆಸುವುದರಲ್ಲಿ ಇಷ್ಟು ನಿಪುಣವಾದ ಸಂಸ್ಥೆ, ಬೆಳೆದವರು ತಮ್ಮ ಬೆಲೆ ಕೇಳಿದಾಗ ಇಷ್ಟು ಒರಟಾಗಿ ನಡೆದುಕೊಂಡದ್ದಕ್ಕೆ ತೆತ್ತ ದಂಡ ಅದು.

ಮಾರ್ವಿನ್ ಮಿಲ್ಲರ್ ನೇತೃತ್ವದ ಆಟಗಾರರ ಸಂಘ ಕೋರ್ಟಿನಲ್ಲಿ ಸಿಗದ ನ್ಯಾಯವನ್ನು ಮಧ್ಯಸ್ಥಿಕೆಯಲ್ಲಿ ಪಡೆಯಿತು. 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್, ಕರಾರಿಲ್ಲದೆ ಒಂದು ವರ್ಷ ಆಡಿದ ಆ್ಯಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಸ್ವತಂತ್ರರೆಂದು ತೀರ್ಪಿತ್ತ. 1975ರಲ್ಲಿ ಸುಮಾರು 45,000 ಡಾಲರ್ ಇದ್ದ ಸರಾಸರಿ ವೇತನ 1980ರಲ್ಲಿ 1,40,000 ದಾಟಿತು. ಆದರೆ ತೀರ್ಪಿನ ನಂತರದ ಒಪ್ಪಂದದಲ್ಲಿ ಸ್ವಾತಂತ್ರ್ಯ ಎಲ್ಲರಿಗೂ ಒಮ್ಮೆಲೇ ದೊರೆಯಲಿಲ್ಲ. ಇಂದಿಗೂ ಚಾಲ್ತಿಯಲ್ಲಿರುವ ಮೆಟ್ಟಿಲುಗಳು ಕಾಲಕ್ರಮೇಣ ರೂಪುಗೊಂಡವು. ಮೇಜರ್ ಲೀಗ್‌ನ ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ವೇತನದ ಆಸುಪಾಸು (2025ರಲ್ಲಿ ಅದು 7,60,000 ಡಾಲರ್), ಮುಂದಿನ ಮೂರು ವರ್ಷ ಮಧ್ಯಸ್ಥಿಕೆಯ ಮೂಲಕ ವೇತನ, ಆರು ವರ್ಷ ತುಂಬಿದ ಮೇಲೆ ಫ್ರೀ ಏಜೆಂಟ್, ಅಂದರೆ ಇಷ್ಟವಾದ ತಂಡದೊಡನೆ ಕರಾರು ಮಾಡಿಕೊಳ್ಳಬಲ್ಲ ಆಟಗಾರ. ಒಂದು ವರ್ಷದ ಸೇವೆಗೆ 172 ದಿನ ಬೇಕು. 2015ರಲ್ಲಿ ಷಿಕಾಗೋ ಕಬ್ಸ್ ಸಂಸ್ಥೆಯ ಕ್ರಿಸ್ ಬ್ರಯಂಟ್ ಏಪ್ರಿಲ್ 17ರಂದು ಮೊದಲ ಪಂದ್ಯ ಆಡಿ ಆ ವರ್ಷ 171 ದಿನಗಳ ಸೇವೆ ಗಳಿಸಿದ. ಆ ಒಂದು ದಿನದ ಕೊರತೆಯಿಂದ ಅವನ ಸ್ವಾತಂತ್ರ್ಯ ಒಂದು ವರ್ಷ ಮುಂದೆ ಹೋಯಿತು, ಅವನು ಸಲ್ಲಿಸಿದ ದೂರು 2020ರಲ್ಲಿ ತಿರಸ್ಕೃತವಾಯಿತು. ಇದರಿಂದ ಸ್ಪಷ್ಟವಾಗುವುದೇನೆಂದರೆ, ಇಪ್ಪತ್ತೈದರೊಳಗಿನ ಒಳ್ಳೆಯ ಆಟಗಾರ ತಾನು ತರುವ ಗೆಲುವಿನ ಬೆಲೆಗಿಂತ ಬಹಳ ಕಡಿಮೆ ಪಡೆಯುತ್ತಾನೆ, ಮೂವತ್ತು ದಾಟಿದವನು ಹಲವು ವೇಳೆ ಅದಕ್ಕಿಂತ ಹೆಚ್ಚು ಪಡೆಯುತ್ತಾನೆ.

ಕಾರ್ಡಿನಲ್ಸ್ ಈ ಅಂತರವನ್ನು ಎರಡನೆಯ ಬಾರಿ ಬಳಸಿಕೊಂಡದ್ದು 2000ದ ನಂತರ. ಅದಕ್ಕೆ ಮುಂಚೆ, 1980ರ ದಶಕದಲ್ಲಿ, ತಂಡದ ಮ್ಯಾನೇಜರ್ ವೈಟಿ ಹರ್ಜಾಗ್ ವೇಗದ ಓಟಗಾರರನ್ನು ವಿನಿಮಯದಿಂದ ಕಲೆಹಾಕಿ 1982ರಲ್ಲಿ ಗೆದ್ದಿದ್ದ. 1996ರಲ್ಲಿ ತಂಡದ ಒಡೆತನ ಹೊಂದಿದ್ದ ಬಿಯರ್ ಕಂಪನಿ ಆನ್‌ಹೈಸರ್-ಬುಶ್ ತಂಡವನ್ನು ವಿಲಿಯಂ ಡಿವಿಟ್ ಬಳಗಕ್ಕೆ 15 ಕೋಟಿ ಡಾಲರಿಗೆ ಮಾರಿತು. ಡಿವಿಟ್‌ನ ತಂದೆ ಹುಡುಗನಾಗಿದ್ದಾಗ ರಿಕಿಯ ಕಚೇರಿಯಲ್ಲಿ ಕೆಲಸ ಮಾಡಿದವನು. 1999ರ ಡ್ರಾಫ್ಟಿನ 13ನೇ ಸುತ್ತಿನಲ್ಲಿ, 402ನೆಯವನಾಗಿ ಆಯ್ಕೆಯಾದ ಡೊಮಿನಿಕನ್ ಮೂಲದ ಆಲ್ಬರ್ಟ್ ಪೂಹೋಲ್ಸ್ 2001ರಲ್ಲಿ ಕನಿಷ್ಠ ವೇತನವಾದ 2,00,000 ಡಾಲರಿಗೆ 37 ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಮೈದಾನದಾಚೆ ಕಳುಹಿಸುವ ಹೊಡೆತ) ಹೊಡೆದ. ಅದೇ ತಂಡದಲ್ಲಿ ಒಂದು ಕೋಟಿ ಡಾಲರಿಗೂ ಹೆಚ್ಚು ಪಡೆಯುತ್ತಿದ್ದ ಮಾರ್ಕ್ ಮೆಗ್ವೈರ್ ಹೊಡೆದದ್ದು 29. ಅದು ಅವನ ಕೊನೆಯ ವರ್ಷ. 2003ರ ಡಿಸೆಂಬರ್‌ನಲ್ಲಿ ಸ್ವಾತಂತ್ರ್ಯಕ್ಕೆ ಒಂದೇ ವರ್ಷ ಉಳಿದಿದ್ದ ಜೆ. ಡಿ. ಡ್ರೂನನ್ನು ಅಟ್ಲಾಂಟಾಕ್ಕೆ ಕೊಟ್ಟು ಪಡೆದವರಲ್ಲಿ ಇನ್ನೂ ಮೈನರ್ ಲೀಗ್‌ನಲ್ಲಿದ್ದ 22ರ ಪಿಚರ್ ಆ್ಯಡಂ ವೈನ್‌ರೈಟ್ ಒಬ್ಬ. ಅವನು 2023ರವರೆಗೆ ಆಡಿ 200 ಪಂದ್ಯ ಗೆದ್ದುಕೊಟ್ಟ.

2003ರಲ್ಲಿ ವ್ಯಾಪಾರ ಕ್ಷೇತ್ರದಿಂದ ಬಂದ ಜೆಫ್ ಲೂನೋ ಕೆಲವೇ ವರ್ಷಗಳಲ್ಲಿ ಡ್ರಾಫ್ಟ್‌ನ ಹೊಣೆ ಹೊತ್ತು, ಕಾಲೇಜು ಆಟಗಾರರ ಅಂಕಿಅಂಶಗಳನ್ನು ಸ್ಕೌಟ್‌ಗಳ ವರದಿಯೊಂದಿಗೆ ಕೂಡಿಸಿ ತೂಗುವ ಪದ್ಧತಿ ತಂದ. ಸ್ಕೌಟ್ ಎಂದರೆ ಊರೂರು ತಿರುಗಿ ಆಟ ನೋಡಿ ಹುಡುಗರನ್ನು ಗುರುತಿಸುವವನು. 2009ರ ಡ್ರಾಫ್ಟಿನಲ್ಲಿ 13ನೇ ಸುತ್ತಿನ ಮ್ಯಾಟ್ ಕಾರ್ಪೆಂಟರ್, 21ನೇ ಸುತ್ತಿನ ಟ್ರೆವರ್ ರೋಸೆಂತಾಲ್, 23ನೇ ಸುತ್ತಿನ ಮ್ಯಾಟ್ ಆ್ಯಡಮ್ಸ್ ಮೂವರೂ ಮೇಜರ್ ಲೀಗ್ ತಲುಪಿ 2013ರ ವರ್ಲ್ಡ್ ಸೀರೀಸ್ ಆಡಿದರು. ಕಾರ್ಪೆಂಟರ್‌ಗೆ ಕೊಟ್ಟ ಬೋನಸ್ 1,000 ಡಾಲರ್.

2011ರ ವಿಜಯದ ಬೆನ್ನಲ್ಲೇ ಫ್ರೀ ಏಜೆಂಟ್ ಆದ ಪೂಹೋಲ್ಸ್‌ಗೆ ಏಂಜೆಲ್ಸ್ ತಂಡ ಹತ್ತು ವರ್ಷಕ್ಕೆ 24 ಕೋಟಿ ಡಾಲರ್ ಕೊಟ್ಟಿತು. ಕಾರ್ಡಿನಲ್ಸ್ ಅಷ್ಟು ಎತ್ತರಕ್ಕೆ ಹೋಗಲಿಲ್ಲ. ಅಂದಿನ ನಿಯಮದಂತೆ ಪರಿಹಾರವಾಗಿ ದೊರೆತ ಏಂಜೆಲ್ಸ್‌ನ ಸರದಿಯಲ್ಲಿ, 2012ರ ಡ್ರಾಫ್ಟಿನ 19ನೆಯವನಾಗಿ, ಟೆಕ್ಸಸ್‌ನ ಪಿಚರ್ ಮೈಕೆಲ್ ವಾಕಾನನ್ನು ಆರಿಸಿಕೊಂಡಿತು. ಹದಿನಾರು ತಿಂಗಳೊಳಗೆ, 2013ರ ಅಕ್ಟೋಬರ್‌ನಲ್ಲಿ, 22ರ ವಾಕಾ ನ್ಯಾಷನಲ್ ಲೀಗ್ ಅಂತಿಮ ಸರಣಿಯಲ್ಲಿ ಡಾಜರ್ಸ್‌ನ ಕ್ಲೇಟನ್ ಕರ್ಶಾನನ್ನು ಎರಡು ಬಾರಿ ಎದುರಿಸಿ, 1–0 ಮತ್ತು 9–0ರಿಂದ ಗೆದ್ದು ಸರಣಿಯ ಶ್ರೇಷ್ಠ ಆಟಗಾರನಾದ. ಪೂಹೋಲ್ಸ್ ಏಂಜೆಲ್ಸ್‌ನಲ್ಲಿ ಹಳೆಯ ಮಟ್ಟಕ್ಕೆ ಮರಳಲಿಲ್ಲ. 2021ರ ಮೇ ತಿಂಗಳಲ್ಲಿ ಆ ತಂಡ ಅವನನ್ನು ಕೈಬಿಟ್ಟಿತು. ಖರ್ಚು ಮಾಡದಿರುವುದೂ ಒಂದು ನಿರ್ಣಯವೇ ಎಂಬುದಕ್ಕೆ ಬೇಸ್‌ಬಾಲ್‌ನಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ. ಇಂಥ ಜ್ಞಾನಕ್ಕೆ ಬಂದ ಬೆಲೆಯನ್ನು ಇನ್ನೊಂದು ಪ್ರಕರಣವೂ ತೋರಿಸುತ್ತದೆ: ಲೂನೋ 2011ರ ಕೊನೆಗೆ ಹ್ಯೂಸ್ಟನ್ ಆಸ್ಟ್ರೋಸ್‌ಗೆ ಹೋದ ಮೇಲೆ ಕಾರ್ಡಿನಲ್ಸ್‌ನ ಅಧಿಕಾರಿಯೊಬ್ಬ ಅಲ್ಲಿನ ಆಟಗಾರರ ಮಾಹಿತಿ ಕೋಶಕ್ಕೆ ಕಳ್ಳದಾರಿಯಿಂದ ಪ್ರವೇಶಿಸಿ ಜೈಲು ಸೇರಿದ, 2017ರಲ್ಲಿ ಕಾರ್ಡಿನಲ್ಸ್ 20 ಲಕ್ಷ ಡಾಲರನ್ನೂ ಆ ವರ್ಷದ ತನ್ನ ಮೊದಲ ಎರಡು ಡ್ರಾಫ್ಟ್ ಸರದಿಗಳನ್ನೂ ಆಸ್ಟ್ರೋಸ್‌ಗೆ ಒಪ್ಪಿಸಬೇಕಾಯಿತು.

ಡ್ರಾಫ್ಟ್‌ನ ವ್ಯಾಪ್ತಿಗೆ ಬಾರದ ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾ ಮೊದಲಾದ ದೇಶಗಳ ಹುಡುಗರನ್ನು ತಂಡಗಳು ಹದಿನಾರರ ವಯಸ್ಸಿಗೇ ನೇರವಾಗಿ ಸೇರಿಸಿಕೊಳ್ಳುತ್ತವೆ. ಮೂವತ್ತೂ ತಂಡಗಳು ಡೊಮಿನಿಕನ್ ನೆಲದಲ್ಲಿ ತರಬೇತಿ ಅಕಾಡೆಮಿಗಳನ್ನು ನಡೆಸುತ್ತವೆ. ಭಾರತದಲ್ಲಿ 2008ರಲ್ಲಿ ನಡೆದ ಎಸೆತದ ಸ್ಪರ್ಧೆಯೊಂದರ ಮೂಲಕ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಕೆಳಹಂತಕ್ಕೆ ಸೇರಿದರಾದರೂ ಇಬ್ಬರೂ ಮೇಜರ್ ಲೀಗ್ ತಲುಪಲಿಲ್ಲ.

ಕೆಳಹಂತಗಳಲ್ಲಿ ದುಡಿಯುವವರ ಬದುಕು ಈ ಇಡೀ ಲೆಕ್ಕದ ಕತ್ತಲೆಯ ಭಾಗ. ಕಾರ್ಡಿನಲ್ಸ್‌ನ ಇಂದಿನ ಏಣಿ ಫ್ಲಾರಿಡಾದ ಪಾಮ್ ಬೀಚ್, ಇಲಿನಾಯ್‌ನ ಪಿಯೋರಿಯಾ, ಮಿಸೌರಿಯ ಸ್ಪ್ರಿಂಗ್‌ಫೀಲ್ಡ್, ಟೆನೆಸ್ಸಿಯ ಮೆಂಫಿಸ್ ಎಂಬ ನಾಲ್ಕು ತಂಡಗಳ ಮೂಲಕ ಏರುತ್ತದೆ; 2021ರ ಪುನಾರಚನೆಯಲ್ಲಿ ದೇಶದಾದ್ಯಂತ ಇಂಥ ತಂಡಗಳು ಸುಮಾರು 160ರಿಂದ 120ಕ್ಕೆ ಇಳಿದಾಗ ದಶಕಗಳಿಂದ ಕಾರ್ಡಿನಲ್ಸ್‌ನ ಹುಡುಗರನ್ನು ಕಂಡಿದ್ದ ಟೆನೆಸ್ಸಿಯ ಜಾನ್ಸನ್ ಸಿಟಿ ಪಟ್ಟಣ ಏಣಿಯಿಂದ ಕಳಚಿತು. ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿರುವ ಟ್ರಿಪಲ್-ಎ ಹಂತದ ಆಟಗಾರನ ವಾರ್ಷಿಕ ಕನಿಷ್ಠ ವೇತನ 2022ರಲ್ಲಿ 17,500 ಡಾಲರ್ ಮಾತ್ರ. ಮೈನರ್ ಲೀಗ್ ಆಟಗಾರರು ಅದೇ ವರ್ಷ ಆಟಗಾರರ ಸಂಘವನ್ನು ಸೇರಿ, 2023ರ ಮೊದಲ ಒಪ್ಪಂದದಲ್ಲಿ ಅದನ್ನು 35,800ಕ್ಕೆ ಏರಿಸಿಕೊಂಡರು. ಕೋಟಿಗಳ ಕರಾರು ಮಾಡುವ ಉದ್ಯಮಕ್ಕೆ ಈ ಏರಿಕೆಯ ಹೊರೆ ಅತ್ಯಲ್ಪವಾಗಿದ್ದು, ಇದು ನೂರು ವರ್ಷ ತಡವಾದುದಕ್ಕೆ ಸಮರ್ಥನೆಯಿಲ್ಲ.

ಕಾರ್ಡಿನಲ್ಸ್‌ನ ಇತ್ತೀಚಿನ ಇಳಿಗತಿ ಇದೇ ಪರಂಪರೆಯಿಂದ ದೂರವಾದುದರ ಫಲ. ಒಟ್ಟು ವೇತನ ನಿಗದಿತ ಮಿತಿ ದಾಟಿದ ತಂಡಗಳ ಮೇಲೆ ಮೇಜರ್ ಲೀಗ್ ಒಂದು ತೆರಿಗೆ ವಿಧಿಸುತ್ತದೆ (2025ರ ಮಿತಿ 24.1 ಕೋಟಿ ಡಾಲರ್). ಅದನ್ನು ಎಂದೂ ತೆರದ ಕಾರ್ಡಿನಲ್ಸ್ 2017ರಿಂದೀಚೆಗೆ ಸಿದ್ಧ ಆಟಗಾರರನ್ನು ಪಡೆಯಲು ತನ್ನ ಎಳೆಯರನ್ನು ಕೊಡತೊಡಗಿತು. ಮಾರ್ಸೆಲ್ ಒಜೂನಾಗಾಗಿ ಮಯಾಮಿಗೆ ಕೊಟ್ಟವರಲ್ಲಿ ಸ್ಯಾಂಡಿ ಅಲ್ಕಾಂತರಾ 2022ರಲ್ಲಿ ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದ. 2019ರಲ್ಲಿ ಟೆಕ್ಸಸ್‌ಗೆ ಬರಿಯ ಹಣಕ್ಕೆ ಮಾರಿದ ಅಡೋಲಿಸ್ ಗಾರ್ಸಿಯಾ ಮತ್ತು ಅದರ ಬೆನ್ನಲ್ಲೇ ಟ್ಯಾಂಪಾ ಬೇಗೆ ಕೊಟ್ಟ ರ‍್ಯಾಂಡಿ ಅರೊಸರೇನಾ ಕ್ರಮವಾಗಿ 2023 ಮತ್ತು 2020ರಲ್ಲಿ ಅಮೆರಿಕನ್ ಲೀಗ್ ಅಂತಿಮ ಸರಣಿಯ ಶ್ರೇಷ್ಠ ಆಟಗಾರರಾದರು. ಪಾಲ್ ಗೋಲ್ಡ್‌ಸ್ಮಿತ್‌ನಂಥವರ ವಿನಿಮಯ ಫಲಿಸಿತು ನಿಜ, ಅವನು 2022ರ ಅತ್ಯಮೂಲ್ಯ ಆಟಗಾರ. ಆದರೆ ಆತನಿಗೆ ಆಗಲೇ 35 ವರ್ಷ. ಕಳೆದುಕೊಂಡವರು ಕಣ್ತಪ್ಪಿದವರಲ್ಲ, ಕಾರ್ಡಿನಲ್ಸ್‌ನವರೇ ಹುಡುಕಿ ತಂದವರು ಎಂಬುದು ಗಮನಾರ್ಹ. ಕೊರತೆ ಇದ್ದದ್ದು ಗುರುತಿಸುವುದರಲ್ಲಿ ಅಲ್ಲ, ಇರಿಸಿಕೊಂಡು ಮುಂದಕ್ಕೆ ಬೆಳೆಸುವುದರಲ್ಲಿ. 2023ರಲ್ಲಿ 91 ಪಂದ್ಯ ಸೋತು, 1990ರ ನಂತರ ಮೊದಲ ಬಾರಿಗೆ ತಂಡ ತನ್ನ ವಿಭಾಗದ ತಳ ಸೇರಿತು.

ಆ ಸೋಲಿನಿಂದ 2024ರ ಡ್ರಾಫ್ಟಿನಲ್ಲಿ ಏಳನೆಯ ಸರದಿ ದೊರೆತು, 1998ರ ನಂತರ ತಂಡಕ್ಕೆ ಅಷ್ಟು ಮೇಲಿನ ಆಯ್ಕೆ ಅದೇ ಮೊದಲಾಗಿ, ಕಾಲೇಜು ಆಟಗಾರ ಜೆಜೆ ವೆದರ್‌ಹೋಲ್ಟ್ ಸೇರಿದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಡಳಿತ ಮುಖ್ಯ ತಂಡದ ವೇತನ ತಗ್ಗಿಸಿ ಮೈನರ್ ಲೀಗ್‌ನ ತರಬೇತುದಾರರು, ಸೌಕರ್ಯಗಳು, ತಂತ್ರಜ್ಞಾನದ ಮೇಲಿನ ವೆಚ್ಚವನ್ನು ಏರಿಸುವುದಾಗಿ ಪ್ರಕಟಿಸಿತು. ಹದಿನೆಂಟು ವರ್ಷ ತಂಡವನ್ನು ನಡೆಸಿದ ಜಾನ್ ಮೊಜೆಲಿಯಾಕ್ 2025ರ ಋತುವಿನ ಕೊನೆಗೆ ನಿರ್ಗಮಿಸಿದ್ದು, ಆಟಗಾರರ ಆಯ್ಕೆ ಮತ್ತು ವೆಚ್ಚದ ಹೊಣೆ ಹಿಂದೆ ಟ್ಯಾಂಪಾ ಬೇ ಮತ್ತು ಬಾಸ್ಟನ್ ತಂಡಗಳಲ್ಲಿದ್ದ ಹೈಮ್ ಬ್ಲೂಮ್‌ಗೆ ಬಂದಿದೆ.